ಗಡ್ಡೆ ತೆಗೆಸಿಕೊಂಡ ಮೇಲೆ ಬಸುರಿಯಾದರೆ

ಕೇಳುಗರೇ, ನಮಸ್ಕಾರ.

ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆಗೆ ಲ್ಯಾಪರೋಸ್ಕೋಪಿ ಮಾಡಿಸಿಕೊಂಡವರು ಈಗ ಊರೂರಲ್ಲೂ ಸಿಗುತ್ತಾರೆ. ಹೊಕ್ಕುಳ ಹತ್ತಿರ ಒಂದು ಸೆಂಟಿಮೀಟರಿನ ತೂತು, ಕೆಳಗೆ ಅದಕ್ಕಿಂತ ಸಣ್ಣವು ಎರಡು-ಮೂರು. ಬೇಗ ಮನೆಗೆ ಕಳಿಸುತ್ತಾರೆ, ಕಲೆಯೂ ಕಾಣದಷ್ಟು ಮಾಸುತ್ತದೆ. ‘ಅದೇನು ಮಹಾ ಆಪರೇಷನ್ನು, ಸುಮ್ನೆ ತೂತು ಮಾಡಿದ್ದು’ ಅಂತ ಮನೆಯವರು ಮರೆತೂಬಿಡುತ್ತಾರೆ. ಆದರೆ ತೂತು ಬಿದ್ದಿದ್ದು ಹೊಟ್ಟೆಗೆ. ಗರ್ಭಕೋಶದ ಗಾಯದ ಲೆಕ್ಕವೇ ಬೇರೆ.

ಗಡ್ಡೆ ಎಲ್ಲಿತ್ತು ಅನ್ನುವುದೇ ಇಲ್ಲಿ ಮುಖ್ಯ. ಹೊರಗೆ ತೊಟ್ಟಿನಲ್ಲಿ ನೇತಾಡುತ್ತಿದ್ದರೆ ಗರ್ಭಕೋಶದ ಗೋಡೆಗೆ ಹೆಚ್ಚೇನೂ ಪೆಟ್ಟಾಗಿರುವುದಿಲ್ಲ. ಸಾಮಾನ್ಯವಾಗಿ ನಾರ್ಮಲ್ ಹೆರಿಗೆಗೆ ಅಡ್ಡಿಯಿಲ್ಲ.

ಗೋಡೆಯೊಳಗೇ ಹುದುಗಿದ್ದ ಗಡ್ಡೆಯ ಕಥೆ ಹಾಗಲ್ಲ. ಸ್ನಾಯುವನ್ನು ಸೀಳಿ, ಸುತ್ತಲಿನಿಂದ ಬಿಡಿಸಿ ಅದನ್ನು ತೆಗೆಯಬೇಕು. ಉಳಿದ ಗುಂಡಿಯನ್ನು ತಳದಿಂದ ಮೇಲಕ್ಕೆ ಪದರ ಪದರವಾಗಿ ಹೊಲಿಯಬೇಕು. ಉದ್ದನೆಯ ಕಡ್ಡಿಯಂಥ ಉಪಕರಣ ಹಿಡಿದು, ಪರದೆ ನೋಡುತ್ತಾ ಹೊಲಿಯುವುದು ಕೈ ಪಳಗಿದವರ ಕೆಲಸ. ರಕ್ತ ನಿಲ್ಲಿಸಲು ಕರೆಂಟಿನಿಂದ ಜಾಸ್ತಿ ಸುಟ್ಟರೆ ಆ ಜಾಗ ಬಲಹೀನವಾಗಬಹುದು. ಮುಂದೆ ಮಗು ಬೆಳೆದಂತೆ ಗೋಡೆ ಹಿಗ್ಗುತ್ತದೆ. ಹೊಲಿದ ಜಾಗವೂ ಹಿಗ್ಗಲೇಬೇಕಲ್ವಾ?

ಅಪರೂಪಕ್ಕೆ ಅಲ್ಲಿ ಬಿರಿಯುತ್ತದೆ. ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಿಗೆ ಹೀಗಾಗುತ್ತದೆ, ನಿದ್ದೆಗೆಡುವ ಸಂಖ್ಯೆಯೇನಲ್ಲ. ಆದರೆ ಹೆರಿಗೆ ನೋವು ಶುರುವಾಗುವ ಮೊದಲೇ, ಏಳು-ಎಂಟನೇ ತಿಂಗಳಲ್ಲೂ ಆಗಬಹುದು. ಹೊಟ್ಟೆಯಲ್ಲಿ ತಡೆಯಲಾರದ ನೋವು, ತಲೆಸುತ್ತು, ರಕ್ತ ಹೋಗುವುದು, ಮಗುವಿನ ಓಡಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿಸುತ್ತಾ ಕೂರಬೇಡಿ. ಸಿಸೇರಿಯನ್ ವ್ಯವಸ್ಥೆ ಇರುವ ಆಸ್ಪತ್ರೆಗೆ ಹೊರಡಿ.

ಗೋಡೆಯನ್ನು ಆಳವಾಗಿ ಸೀಳಿದ್ದರೆ ವೈದ್ಯರು ಸಾಮಾನ್ಯವಾಗಿ ನೋವು ಬರುವವರೆಗೆ ಕಾಯುವುದಿಲ್ಲ. 37 ವಾರ ತುಂಬಿದ ಮೇಲೆ ದಿನ ಗೊತ್ತುಮಾಡಿ ಸಿಸೇರಿಯನ್ ಮಾಡುತ್ತಾರೆ. ಆಪರೇಷನ್ ಆದಮೇಲೆ ಗರ್ಭ ಧರಿಸಲು ಮೂರರಿಂದ ಆರು ತಿಂಗಳು ತಡೆಯಿರಿ ಅನ್ನುವುದೂ ಗಾಯ ಮಾಯಲಿ ಅಂತಲೇ.

ಹಾಗಾದರೆ ಹೊಟ್ಟೆ ಕೊಯ್ದು ಮಾಡಿಸಿದ್ದರೇ ವಾಸಿಯಿತ್ತಾ? ಇಲ್ಲ. ಮಕ್ಕಳಾಗುವ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ಒಂದೇ. ನೋವು ಕಡಿಮೆ, ಚೇತರಿಕೆ ಬೇಗ ಅನ್ನುವುದು ಲ್ಯಾಪರೋಸ್ಕೋಪಿಯ ಲಾಭ. ಹೊಲಿಗೆ ಚೆನ್ನಾಗಿರಬೇಕು, ಅಷ್ಟೇ.

ನನಗೆ ನಿಜವಾದ ಚಿಂತೆ ಇನ್ನೊಂದು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಆಪರೇಷನ್ ಆಗಿದ್ದು ಬೆಂಗಳೂರಿನಲ್ಲಿ, ಸೀಮಂತ ಮುಗಿಸಿ ಹೋಗುವುದು ಹಾವೇರಿಗೋ ಸಾಗರಕ್ಕೋ. ಸೀರೆ, ಬಳೆ, ಚಿಗಳಿ ತಂಬಿಟ್ಟು ಎಲ್ಲ ಕಾರು ಹತ್ತುತ್ತವೆ. ಆಪರೇಷನ್ ವಿವರದ ಹಾಳೆ ಮಾತ್ರ ಗಂಡನ ಮನೆಯ ಬೀರುವಿನಲ್ಲೇ ಉಳಿಯುತ್ತದೆ. ತವರೂರಿನ ವೈದ್ಯರಿಗೆ ಕಾಣುವುದು ಮಾಸಿದ ಮೂರು ಚುಕ್ಕೆ. ಗಡ್ಡೆ ಎಷ್ಟು ದೊಡ್ಡದಿತ್ತು, ಸೀಳು ಗರ್ಭಕೋಶದ ಒಳಪದರದವರೆಗೂ ಹೋಗಿತ್ತಾ, ಎಷ್ಟು ಪದರ ಹೊಲಿದರು, ಇದೆಲ್ಲ ಚುಕ್ಕೆ ನೋಡಿ ಹೇಳಲಾಗದು.

ಆ ಹಾಳೆಯನ್ನು ತಾಯಿ ಕಾರ್ಡಿನ ಜೊತೆಗೇ ಇಡಿ, ಫೋನಿನಲ್ಲೂ ಒಂದು ಫೋಟೊ ಇರಲಿ. ಕಳೆದುಹೋಗಿದ್ದರೆ ಆಪರೇಷನ್ ಆದ ಆಸ್ಪತ್ರೆಯಲ್ಲಿ ಕೇಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯಕೀಯ ಪರಿಷತ್ತಿನ 2002ರ ನಿಯಮವಿದೆ. ಅದೇ ನಿಯಮದ ಪ್ರಕಾರ ದಾಖಲೆ ಕಾಪಾಡಬೇಕಾದ್ದು ಮೂರು ವರ್ಷ ಮಾತ್ರ. ಅದಕ್ಕೇ ಬಸುರಾಗುವವರೆಗೆ ಕಾಯದೆ ಈಗಲೇ ತರಿಸಿಕೊಳ್ಳಿ. ನಮಸ್ಕಾರ.