ಡಿಕ್ಕಿಯಲ್ಲಿರುವ ಲ್ಯಾಪ್‌ಟಾಪ್

ಕೇಳುಗರಿಗೆ ನಮಸ್ಕಾರ.

ವಯಸ್ಸಾದ ಅಪ್ಪ ಅಮ್ಮನಿಗೆ ಎಂಥ ಕಂಪ್ಯೂಟರ್ ಕೊಡಿಸಬೇಕು, ಹತ್ತು ನಿಮಿಷ ಮಾತಾಡಿ ಅಂತ ಹಾಸನ ಆಕಾಶವಾಣಿಯವರು ಕರೆದಿದ್ದಾರೆ. ನಾನು ಈ ಊರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಭಾಷಣ ಮಾಡಿ ಅಭ್ಯಾಸ ಇಲ್ಲ. ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದರೆ ಮಾತು ಸಲೀಸಾಗಿ ಬರುತ್ತದೆ. ಇಲ್ಲಿ ಒಂದು ಹಾಳೆ ಇದೆ, ಏಳು ವಿಷಯ ಬರೆದುಕೊಂಡು ಬಂದಿದ್ದೇನೆ.

ಇವತ್ತು ಶನಿವಾರ. ಬೆಂಗಳೂರಿನಿಂದ ಹೊರಟು, ಚನ್ನರಾಯಪಟ್ಟಣ ದಾಟಿ, ಕಾರಿನಲ್ಲಿ ರೇಡಿಯೋ ಹಾಕಿಕೊಂಡು ಊರಿಗೆ ಬರುತ್ತಿರುವ ಯಾರೋ ಒಬ್ಬರು ನನ್ನ ಕಣ್ಣ ಮುಂದೆ ಇದ್ದಾರೆ. ನಿಮ್ಮ ಡಿಕ್ಕಿಯಲ್ಲಿ ಒಂದು ಕಪ್ಪು ಬ್ಯಾಗಿದೆ. ಅದರೊಳಗೆ ನಿಮ್ಮ ಹಳೇ ಲ್ಯಾಪ್‌ಟಾಪ್ ಇದೆ. ನೀವು ಹೊಸದು ತಗೊಂಡಿದ್ದೀರಿ, ಇದು ಸುಮ್ನೆ ಬಿದ್ದಿತ್ತು, ಅಪ್ಪನಿಗೆ ಆಗುತ್ತದೆ ಅಂತ ತರುತ್ತಿದ್ದೀರಿ.

ಕೊಡಬೇಡಿ. ನಾನು ಹೇಳಲು ಬಂದಿದ್ದು ಇಷ್ಟೇ. ನಿಮ್ಮ ಹಳೇ ಲ್ಯಾಪ್‌ಟಾಪನ್ನು ಅಪ್ಪನಿಗೆ ದಾಟಿಸಬೇಡಿ.

ಯಾಕೆ ಇಷ್ಟು ಖಡಾಖಂಡಿತ ಅಂದರೆ, ಈ ತಪ್ಪನ್ನು ನಾನೇ ಮಾಡಿದ್ದೇನೆ. ದಿನಾ ಕಂಪ್ಯೂಟರ್ ಬಿಚ್ಚುವ ನಾನೇ!

ನಮ್ಮಪ್ಪ ಇರುವುದು ಸಕಲೇಶಪುರದ ಆಚೆ, ತೋಟದಲ್ಲಿ. ದೊಡ್ಡ ಎಸ್ಟೇಟ್ ಏನಲ್ಲ, ಸ್ವಲ್ಪ ಕಾಫಿ, ಸ್ವಲ್ಪ ಮೆಣಸು. 1981ರಿಂದ ಮಳೆ ಲೆಕ್ಕ ಬರೆದಿದ್ದಾರೆ. ಆ ಕಡೆಯವರಿಗೆ ಇದು ಹೊಸದಲ್ಲ. ಬೆಳಿಗ್ಗೆ ಎದ್ದು, ಅಂಗಳದಲ್ಲಿರುವ ಮಳೆ ಮಾಪಕ ನೋಡಿ, ಒಂದು ಇಂಚು ಇಪ್ಪತ್ತು ಸೆಂಟು ಅಂತ ಪುಸ್ತಕದಲ್ಲಿ ಬರೆದ ಮೇಲೇ ಕಾಫಿ ಕುಡಿಯುವುದು. ಇಂಚಿನಲ್ಲಿ ನೂರನೇ ಒಂದು ಪಾಲಿಗೆ ಅಲ್ಲಿ ಸೆಂಟು ಅನ್ನುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಂತು, ಎಷ್ಟು ಬಂತು, ಎಲ್ಲ ಇದೆ.

ಪಕ್ಕದ ತೋಟದವರಿಗೂ ಅಪ್ಪನಿಗೂ ಒಂದು ಜಗಳ. ಜಗಳ ಅಂದರೆ ಪ್ರೀತಿಯ ಜಗಳ. 'ಮೊದಲಿನ ಮಳೆ ಈಗೆಲ್ಲಿ' ಅಂತ ಅವರು. 'ಮಳೆ ಅಷ್ಟೇ ಇದೆ, ನಿನಗೆ ವಯಸ್ಸಾಯ್ತು' ಅಂತ ಅಪ್ಪ. ನಲವತ್ತು ವರ್ಷದ ಜೂನ್ ತಿಂಗಳು ಒಟ್ಟು ಹಾಕಿದರೆ ತೀರ್ಮಾನ ಆಗುತ್ತದೆ. ಕೈಯಲ್ಲಿ ಕೂಡಿಸಿದರೆ ಪ್ರತಿ ಸಲ ಬೇರೆ ಬೇರೆ ಮೊತ್ತ ಬರುತ್ತಿತ್ತು. 'ಅದೇನೋ ಕಂಪ್ಯೂಟರಲ್ಲಿ ಆಗ್ತದಂತಲ್ಲ ಮಾರಾಯ' ಅಂದರು. ನಾನು ಖುಷಿಯಾಗಿ ನನ್ನ ಹಳೇ ಲ್ಯಾಪ್‌ಟಾಪ್ ಒರೆಸಿ, ಒಯ್ದು ಕೊಟ್ಟೆ. ಒಂದು ಗಂಟೆ ಹೇಳಿಕೊಟ್ಟೆ. ಹೊರಟು ಬಂದೆ.

ಆಮೇಲೆ ಫೋನ್ ಮಾಡಿದಾಗೆಲ್ಲ ಕೇಳುತ್ತಿದ್ದೆ. 'ಅಪ್ಪ, ಕಂಪ್ಯೂಟರ್ ಹೇಗಿದೆ?' 'ಚೆನ್ನಾಗದೆ.' ಪ್ರತಿ ಸಲವೂ ಅಷ್ಟೇ. ಚೆನ್ನಾಗದೆ.

ಒಂಬತ್ತು ತಿಂಗಳಾದ ಮೇಲೆ ಆಯುಧ ಪೂಜೆಗೆ ಹೋದೆ. ಕತ್ತಿ, ಗುದ್ದಲಿ, ಔಷಧಿ ಹೊಡೆಯುವ ಪಂಪು, ಜೀಪಿನ ಕೀಲಿ, ಇವುಗಳ ಸಾಲಿನಲ್ಲಿ ನನ್ನ ಲ್ಯಾಪ್‌ಟಾಪ್. ಮೇಲೆ ಅರಿಶಿನ ಕುಂಕುಮ, ಒಂದು ಚೆಂಡುಹೂವು. ಎಷ್ಟು ಗೌರವ ಅಂತ ಮನಸ್ಸು ತುಂಬಿ ಬಂತು. ಕೈಯಿಟ್ಟು ನೋಡಿದರೆ ಅದು ಮೇಜಿನ ಮೇಲೆ ಸಮನಾಗಿ ಕೂರುತ್ತಿಲ್ಲ, ಅಲುಗಾಡುತ್ತಿದೆ. ತಿರುಗಿಸಿದರೆ ಹೊಟ್ಟೆ ಉಬ್ಬಿದೆ! ಬ್ಯಾಟರಿ ಊದಿಕೊಂಡು ಮುಚ್ಚಳವನ್ನೇ ಎತ್ತಿಬಿಟ್ಟಿತ್ತು.

ಕೇಳಿ, ಇದು ತಮಾಷೆ ಅಲ್ಲ. ಹಳೇ ಬ್ಯಾಟರಿ, ವರ್ಷಗಟ್ಟಲೆ ಚಾರ್ಜಿಗೆ ಹಾಕಿಯೇ ಇಟ್ಟರೆ ಹೀಗೆ ಊದಬಹುದು. ಒಳಗೆ ಗ್ಯಾಸ್ ತುಂಬಿರುತ್ತದೆ. ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜ್ ಮಾಡಬಾರದು. ಬೆಂಕಿ ಹತ್ತಿಕೊಳ್ಳಬಹುದು. ನಾನು ಅದನ್ನು ಮೆಲ್ಲಗೆ ಅಂಗಳಕ್ಕೆ ಒಯ್ದು ಇಟ್ಟೆ. ಅಮ್ಮ ದೂರದಿಂದಲೇ ಒಂದು ನಮಸ್ಕಾರ ಮಾಡಿದರು.

ಅವತ್ತು ರಾತ್ರಿ ಊಟ ಆದ ಮೇಲೆ ಅಪ್ಪನ ಬಾಯಿ ಬಿಡಿಸಿದೆ. ಅವರು ಎರಡು ತಿಂಗಳು ಪ್ರಯತ್ನ ಮಾಡಿದ್ದಾರೆ ಪಾಪ. ಬಟನ್ ಒತ್ತುತ್ತಾರೆ. ಅದು ಶುರುವಾಗಲು ಐದು ನಿಮಿಷ, ಯಾಕೆಂದರೆ ಒಳಗಿದ್ದದ್ದು ಹಳೇ ಕಾಲದ, ತಿರುಗುವ ಹಾರ್ಡ್ ಡಿಸ್ಕ್. ಅಷ್ಟರಲ್ಲಿ ಕೊಟ್ಟಿಗೆ ಕಡೆ ಹೋಗಿ ಬರೋಣ ಅಂತ ಹೋಗುತ್ತಾರೆ. ಬರುವ ಹೊತ್ತಿಗೆ ಪರದೆ ಆರಿರುತ್ತದೆ. ಮುಟ್ಟಿದರೆ ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಬರೆದ ಚೀಟಿ ಹುಡುಕಿ, ಕನ್ನಡಕ ಹುಡುಕಿ, ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ಕರೆಂಟ್ ಹೋಗುತ್ತದೆ. ಆ ಬ್ಯಾಟರಿ ಕರೆಂಟ್ ಹೋದ ಮೇಲೆ ನಾಲ್ಕು ನಿಮಿಷ ನಿಲ್ಲುತ್ತಿರಲಿಲ್ಲ.

ಇನ್ನು ಆ ಟಚ್‌ಪ್ಯಾಡ್, ಬೆರಳಾಡಿಸುವ ಚೌಕ. ಅದು ಅಪ್ಪನ ಬೆರಳಿನ ಮಾತನ್ನೇ ಕೇಳುತ್ತಿರಲಿಲ್ಲ. ನಾನು 'ಮೆಲ್ಲಗೆ ಮುಟ್ಟಿ' ಅಂತ ಹೇಳಿ ಬಂದಿದ್ದೆ. ಎಷ್ಟು ಮೆಲ್ಲಗೆ ಮುಟ್ಟಿದರೂ ಬಾಣದ ಗುರುತು ಕದಲುವುದಿಲ್ಲ, ಇಲ್ಲವೇ ಎಲ್ಲಿಗೋ ಹಾರುತ್ತದೆ. ಕಾರಣ ನಿಮಗೂ ಗೊತ್ತು. ನ್ಯಾಯಬೆಲೆ ಅಂಗಡಿಯಲ್ಲಿ ವಯಸ್ಸಾದವರ ಹೆಬ್ಬೆರಳನ್ನು ಮಷೀನ್ ತಗೊಳ್ಳದೆ ಸತಾಯಿಸುತ್ತದಲ್ಲ, ಅಂಥದ್ದೇ ಗೋಳು ಇದು. ಕತ್ತಿ ಹಿಡಿದು ಗಿಡ ಕಸಿ ಮಾಡಿದ ಕೈ. ಚರ್ಮ ಒಣಗಿ ಗಟ್ಟಿಯಾಗಿದೆ. ಟಚ್‌ಪ್ಯಾಡ್ ಕೆಲಸ ಮಾಡುವುದು ಬೆರಳಿನ ತೇವ, ಬೆರಳಿನ ವಿದ್ಯುತ್ ಗುಣ ಹಿಡಿದು. ಒಣಗಿದ ಬೆರಳು ಅದಕ್ಕೆ ಇದ್ದೂ ಇಲ್ಲದ ಹಾಗೆ.

'ಮತ್ತೆ ಯಾಕೆ ಹೇಳಲಿಲ್ಲ ಅಪ್ಪ?' ಅಂದೆ.

'ನೀನು ಅಷ್ಟು ದೂರದಿಂದ ಹೊತ್ತು ತಂದಿದ್ದೆ. ನನಗೇ ಬರಲ್ಲ ಅಂದ್ಕಂಡೆ.'

ಅವರು ತಪ್ಪು ತಮ್ಮದೇ ಅಂದುಕೊಂಡಿದ್ದರು. ಕೆಟ್ಟಿದ್ದು ಮಷೀನು ಸ್ವಾಮೀ! ನಾವು ಬೇಡ ಅಂತ ಬಿಟ್ಟಿದ್ದನ್ನು ಅವರ ಕೈಗೆ ಕೊಟ್ಟು, 'ಅಪ್ಪನಿಗೆ ಕಂಪ್ಯೂಟರ್ ಹತ್ತಲ್ಲ' ಅಂತ ನೆಂಟರ ಮುಂದೆ ನಗುತ್ತೇವೆ. ಅದಕ್ಕೇ ಹೇಳುವುದು, ಹಳೇ ಲ್ಯಾಪ್‌ಟಾಪ್ ಕೊಡಬೇಡಿ.

ಈಗ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಕಂಪ್ಯೂಟರನ್ನು ನಡೆಸುವ ವಿಂಡೋಸ್ 10 ತಂತ್ರಾಂಶಕ್ಕೆ, ಕಳ್ಳರು ನುಗ್ಗದ ಹಾಗೆ ಕಾಯುವ ಮಾಮೂಲಿ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. 2017ಕ್ಕಿಂತ ಹಿಂದಿನ ಮಷೀನುಗಳಲ್ಲಿ ಹೆಚ್ಚಿನವನ್ನು ವಿಂಡೋಸ್ 11 ಒಪ್ಪಿಕೊಳ್ಳುವುದೇ ಇಲ್ಲ. ಅಂದರೆ ನಿಮ್ಮ ಡಿಕ್ಕಿಯಲ್ಲಿರುವುದು ಅಷ್ಟು ಹಳೆಯದಾದರೆ, ಬಾಗಿಲಿಗೆ ಚಿಲಕ ಇಲ್ಲದ ಮನೆಯನ್ನು ಅಪ್ಪನ ಹೆಸರಿಗೆ ಬರೆಯುತ್ತಿದ್ದೀರಿ. ವಿಂಡೋಸ್ ಬದಲು ಅದರಲ್ಲಿ ಲೀನಕ್ಸ್ ಅನ್ನುವ ಉಚಿತ ತಂತ್ರಾಂಶ ಹಾಕಬಹುದು ಅಂತ ಕೆಲವರು ಈಗಲೇ ಗೊಣಗುತ್ತಿರಬಹುದು. ಹಾಕಿ, ಚೆನ್ನಾಗಿರುತ್ತದೆ. ನೀವೇ ಇಟ್ಟುಕೊಳ್ಳಿ.

ಹಾಗಾದರೆ ಏನು ಕೊಡಿಸಬೇಕು? ಮೊದಲು ಅವರನ್ನೇ ಕೇಳಿ, ಇದರಲ್ಲಿ ನಿಮಗೆ ಏನು ಮಾಡಬೇಕು ಅಂತ. ನಮ್ಮಪ್ಪ ಮೂರು ಹೇಳಿದರು. ಮಳೆ ಲೆಕ್ಕ ಕೂಡಿಸಬೇಕು. ಕಾಫಿ ರೇಟು ನೋಡಬೇಕು, ಅರೇಬಿಕಾಕ್ಕೆ ನ್ಯೂಯಾರ್ಕು, ರೊಬಸ್ಟಾಕ್ಕೆ ಲಂಡನ್ನು. ಪುಣೆಯಲ್ಲಿರುವ ಮೊಮ್ಮಗಳ ಮುಖ ದೊಡ್ಡದಾಗಿ ಕಾಣಬೇಕು. ನಿಮ್ಮಮ್ಮ ಬರೀ ಮೊಮ್ಮಕ್ಕಳ ಮುಖ ಸಾಕು ಅಂದರೆ ಕಂಪ್ಯೂಟರೇ ಬೇಡ. ಒಂದು ದೊಡ್ಡ ಟ್ಯಾಬ್, ಅದಕ್ಕೊಂದು ಸ್ಟ್ಯಾಂಡ್. ಮುಗಿಯಿತು.

ಅಪ್ಪನಿಗೆ ನಾನು ಆಮೇಲೆ ಕೂರಿಸಿದ್ದು ಹೊಸ ಮಿನಿ ಪಿಸಿ. ಟಿಫನ್ ಡಬ್ಬಿಯಷ್ಟು ಇರುತ್ತದೆ. ಎಂಟು ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ. ಎಸ್‌ಎಸ್‌ಡಿ ಅನ್ನುವುದನ್ನು ಮಾತ್ರ ಬರೆದುಕೊಳ್ಳಿ, ಅದು ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್. ಅದಿದ್ದರೆ ಕೊಟ್ಟಿಗೆಗೆ ಹೋಗಿ ಬರುವಷ್ಟು ಹೊತ್ತು ಕಾಯಬೇಕಿಲ್ಲ. 24 ಇಂಚಿನ ಮಾನಿಟರ್. 14 ಇಂಚಿನ ಲ್ಯಾಪ್‌ಟಾಪಿಗಿಂತ ಇದರ ಹರವು ಸುಮಾರು ಮೂರು ಪಟ್ಟು. ತಂತಿ ಇರುವ ಕೀಬೋರ್ಡು, ತಂತಿ ಇರುವ ಮೌಸು. ತಂತಿ ಇಲ್ಲದ್ದು ಚೆಂದ, ಆದರೆ ಒಂದು ದಿನ ಅದರ ಸೆಲ್ ಮುಗಿಯುತ್ತದೆ. ಆವತ್ತು ಅಪ್ಪ ಮತ್ತೆ 'ನನಗೇ ಬರಲ್ಲ' ಅನ್ನುತ್ತಾರೆ. ಮೌಸಿನ ಬಟನ್ ಟಕ್ ಅನ್ನಬೇಕು. ಒತ್ತಿದ್ದು ಒತ್ತಿದ ಹಾಗೆ ಗೊತ್ತಾಗಬೇಕು. ಜೊತೆಗೊಂದು ಚಿಕ್ಕ ಯುಪಿಎಸ್, ಕರೆಂಟ್ ಹೋದರೂ ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿ ಪೆಟ್ಟಿಗೆ. ಎಲ್ಲ ಸೇರಿಸಿದರೂ ನೀವು ಕಿವಿಗಿಟ್ಟುಕೊಂಡಿರುವ ಫೋನಿಗಿಂತ ಕಡಿಮೆ ಆಗಬಹುದು, ಸುಮ್ನೆ ಹೇಳಿದೆ.

ಮಾನಿಟರ್ ಬಗ್ಗೆ ಯಾರೂ ಹೇಳದ ಒಂದು ಮಾತಿದೆ. ಓದುವ ಕನ್ನಡಕ ಕೈಯಲ್ಲಿ ಹಿಡಿದ ಪೇಪರಿಗೆ ಮಾಡಿದ್ದು, ಒಂದೂಕಾಲು ಅಡಿ ದೂರಕ್ಕೆ. ಮಾನಿಟರ್ ಇರುವುದು ಎರಡು ಅಡಿ ದೂರ. ಹಾಕಿಕೊಂಡರೂ ಮಸುಕು, ತೆಗೆದರೂ ಮಸುಕು. ಎರಡು ಭಾಗದ ಕನ್ನಡಕ ಇದ್ದರಂತೂ ತಲೆ ಎತ್ತಿ, ಗಲ್ಲ ಮುಂದೆ ಮಾಡಿ, ಕೆಳಗಿನ ಗಾಜಿನಲ್ಲಿ ನೋಡುತ್ತಾರೆ. ಹದಿನೈದು ನಿಮಿಷಕ್ಕೆ ಕುತ್ತಿಗೆ ನೋವು. ಎದ್ದು ಹೋಗುತ್ತಾರೆ. ನಾವು ಆಸಕ್ತಿ ಇಲ್ಲ ಅಂದುಕೊಳ್ಳುತ್ತೇವೆ. ಟೇಪು ಹಿಡಿದು ಕಣ್ಣಿನಿಂದ ಪರದೆಗೆ ಎಷ್ಟು ದೂರ ಅಂತ ಅಳೆಯಿರಿ, ಅದನ್ನು ಕಣ್ಣಿನ ಡಾಕ್ಟರಿಗೆ ಹೇಳಿ, ಆ ದೂರಕ್ಕೇ ಒಂದು ಕನ್ನಡಕ ಮಾಡಿಸಿ. ಮಾನಿಟರನ್ನು ತಗ್ಗಿನಲ್ಲೇ ಇಡಿ, ಪುಸ್ತಕ ಪೇರಿಸಿ ಎತ್ತರಿಸಬೇಡಿ. ಸೆಟ್ಟಿಂಗ್ಸಿನಲ್ಲಿ ಅಕ್ಷರ, ಚಿತ್ರ ಎಲ್ಲವನ್ನೂ ನೂರೈವತ್ತು ಪರ್ಸೆಂಟಿಗೆ ಏರಿಸಿ.

ಮಳೆ ಲೆಕ್ಕ ಏನಾಯಿತು ಅಂತ ಕೇಳುತ್ತೀರಿ, ಅಲ್ವಾ? ಲಿಬ್ರೆ ಆಫೀಸ್ ಅಂತ ದುಡ್ಡು ಕೊಡಬೇಕಿಲ್ಲದ ತಂತ್ರಾಂಶ ಇದೆ. ಅದರಲ್ಲಿ ಒಂದು ಮಳೆಗಾಲ ಪೂರ್ತಿ ಕೂತು ನಲವತ್ತು ವರ್ಷದ್ದು ತುಂಬಿಸಿದರು. ಅವರ ತೋಟದಲ್ಲಿ ಜೂನ್ ಮಳೆ ಕಡಿಮೆಯಾಗಿದೆ, ಆಗಸ್ಟ್ ಮಳೆ ಜಾಸ್ತಿಯಾಗಿದೆ. ಅಪ್ಪನೂ ತಾನೇ ಗೆದ್ದೆ ಅನ್ನುತ್ತಾರೆ, ಪಕ್ಕದ ತೋಟದವರೂ ತಾನೇ ಗೆದ್ದೆ ಅನ್ನುತ್ತಾರೆ. ಈಗ ಅವರೂ ಒಂದು ಕಂಪ್ಯೂಟರ್ ಕೇಳುತ್ತಿದ್ದಾರೆ. ಅವರ ಮಗ ತನ್ನ ಹಳೇ ಲ್ಯಾಪ್‌ಟಾಪ್ ಕೊಡುತ್ತೇನೆ ಅಂದಿದ್ದಾನಂತೆ! ನಾನು ಅವನಿಗೆ ಫೋನ್ ಮಾಡಿ ಬೈದಿದ್ದೇನೆ.

ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷ. ಹಾಳೆಯಲ್ಲಿ ಇನ್ನೂ ನಾಲ್ಕು ವಿಷಯ ಇದೆ. ಬೇಗ ಹೇಳಿಬಿಡುತ್ತೇನೆ.

ಕನ್ನಡ ಟೈಪಿಂಗಿಗೆ ನುಡಿ ತಂತ್ರಾಂಶ ಹಾಕಿಕೊಡಿ. ಕೆ ಒತ್ತಿದರೆ ಕ ಬರುತ್ತದೆ, ಜಿ ಒತ್ತಿದರೆ ಗ. ಕೀಗಳ ಮೇಲೆ ಅಂಟಿಸಲು ಕನ್ನಡ ಅಕ್ಷರದ ಸ್ಟಿಕ್ಕರ್ ಸಿಗುತ್ತದೆ.

ಅವರಿಗೆ ಬೇರೆ ಯೂಸರ್ ಅಕೌಂಟ್ ಮಾಡಿ. ಹೊಸ ತಂತ್ರಾಂಶ ಹಾಕಲು ಬೇಕಾಗುವ ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ. ನೀವಿಲ್ಲದಾಗ ಹೊಸದೇನೂ ಒಳಗೆ ಬಂದು ಕೂರುವುದು ಕಷ್ಟವಾಗುತ್ತದೆ.

ಅಪ್ಪ ಅಮ್ಮಂದಿರೇ, ಇದು ನಿಮಗೆ. ಪೊಲೀಸ್ ಅಂತ, ಬ್ಯಾಂಕ್ ಅಂತ ಯಾರಾದರೂ ಫೋನ್ ಮಾಡಿ, ಕಂಪ್ಯೂಟರಿನಲ್ಲಿ ಇದನ್ನು ಹಾಕಿಕೊಳ್ಳಿ, ಅದನ್ನು ಒತ್ತಿ ಅಂದರೆ ಫೋನ್ ಇಟ್ಟುಬಿಡಿ. ವಿಡಿಯೋ ಕಾಲಿನಲ್ಲೇ ನಿಮ್ಮನ್ನು ಬಂಧಿಸಿದ್ದೇವೆ ಅಂತ ಹೆದರಿಸುತ್ತಾರಲ್ಲ, ಆ ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಗ ಬೈತಾನೆ ಅಂತ ನಾಳೆವರೆಗೆ ಕಾಯಬೇಡಿ.

ಕೊನೆಯದು ಮಲೆನಾಡಿನವರಿಗೆ. ಗುಡುಗು ಶುರುವಾದ ಕೂಡಲೇ ನೀವು ಪ್ಲಗ್ ಕೀಳುತ್ತೀರಿ, ಸರಿ. ಆದರೆ ಇಂಟರ್ನೆಟ್ ತಂತಿ ಬಿಟ್ಟಿರುತ್ತೀರಿ. ಟೆಲಿಫೋನ್ ತಂತಿಯ ತರದ್ದಾದರೆ ಸಿಡಿಲು ಅದರ ಮೂಲಕವೂ ಬರುತ್ತದೆ. ಪ್ರತಿ ಏಪ್ರಿಲ್‌ನಲ್ಲಿ ನನ್ನ ಅಂಗಡಿ ಮೇಜಿನ ಮೇಲೆ ಸುಟ್ಟ ಮೋಡೆಮ್‌ಗಳ ಸಾಲು ನೋಡಬೇಕು ನೀವು. ಎರಡನ್ನೂ ಕೀಳಿ. ಆಯಿತು, ಆಯಿತು, ಕೈ ಮಾಡುತ್ತಿದ್ದಾರೆ. ಎರಡೂ ತಂತಿ, ಮರೆಯಬೇಡಿ. ನಮಸ್ಕಾರ.