ಕಪ್ಪು ಎರಡರ ಮನೆ ಮತ್ತು ಮಾಲ್ಗುಡಿಯ ರಾಗ

ಕಿಟಕಿಯ ಹೊರಗೆ ಕಾಣುತ್ತಿರುವುದು ಪುಣೆಯ ಕೋಥ್ರೂಡ್ ಬಡಾವಣೆಯ ಮಳೆ. ಬಾಣಲೆಯಲ್ಲಿ ರವೆ ಹುರಿಯುತ್ತಿದೆ, ಉಪ್ಪಿಟ್ಟು ಮಾಡುವುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಕಳೆದ ವಿಡಿಯೊದಲ್ಲಿ ನಾನು ಗುನುಗಿದ ರಾಗ ಯಾವುದೆಂದು ಹಲವರು ಕೇಳಿದ್ದೀರಿ. ಮಾಲ್ಗುಡಿ ಡೇಸ್ ಧಾರಾವಾಹಿಯ ಶೀರ್ಷಿಕೆಯದು. ಮಳೆ ಬಂದಾಗ ನನ್ನ ಬಾಯಿಗೆ ಬೇರೆ ಯಾವ ರಾಗವೂ ಬರುವುದಿಲ್ಲ.

ಶಂಕರ್ ನಾಗ್ ಆ ಧಾರಾವಾಹಿಯನ್ನು ಚಿತ್ರೀಕರಿಸಿದ್ದು ಆಗುಂಬೆಯಲ್ಲಿ. ನನ್ನ ಅಜ್ಜಿಮನೆ ತೀರ್ಥಹಳ್ಳಿಯ ಹತ್ತಿರ. ಪಕ್ಕದವರ ಕಪ್ಪು ಬಿಳುಪು ಟಿವಿಯಲ್ಲಿ ಎಲ್. ವೈದ್ಯನಾಥನ್ ಅವರ ಆ ತಾನನ ಶುರುವಾದರೆ ಸಾಕು, ಅಜ್ಜಿ ಒಲೆಯ ಮೇಲಿನ ಹಾಲನ್ನು ಇಳಿಸಿಟ್ಟು ಹೊರಡುತ್ತಿದ್ದರು. ಅವರಿಗೆ ಹಿಂದಿ ಒಂದಕ್ಷರವೂ ಬರುತ್ತಿರಲಿಲ್ಲ. ಕಥೆಯ ಹುಡುಗ ಸ್ವಾಮಿ ಅಪ್ಪನಿಗೆ ಏನೆಂದ, ಅಪ್ಪನಾಗಿದ್ದ ಗಿರೀಶ ಕಾರ್ನಾಡರು ಏನು ಗದರಿದರು ಎಂಬುದನ್ನೆಲ್ಲ ನಾನು ಹೇಳಬೇಕಾಗಿತ್ತು. ಹಾಡಿಗೆ ಮಾತ್ರ ಯಾರ ಅನುವಾದವೂ ಬೇಕಾಗಿರಲಿಲ್ಲ, ಅದರಲ್ಲಿ ಪದಗಳೇ ಇಲ್ಲ. ಆದ್ದರಿಂದಲೇ ಹೇಳುತ್ತೇನೆ, ಧಾರಾವಾಹಿಯ ಶೀರ್ಷಿಕೆ ಗೀತೆಗೆ ಸಾಹಿತ್ಯ ಬೇಡವೇ ಬೇಡ.

ಈಗ ದೃಶ್ಯ ಬದಲಾಗಿದೆ, ಇದು ಲಕಡಿ ಪೂಲ್ ಎಂಬ ಸೇತುವೆ, ಕೆಳಗೆ ಮುಠಾ ನದಿ. ರಿಕ್ಷಾದಲ್ಲಿ ನನ್ನ ತೊಡೆಯ ಮೇಲಿರುವ ಪೆಟ್ಟಿಗೆ ಹಾರ್ಮೋನಿಯಂ. ಇದರ ಕಥೆ ಹೇಳಲೇಬೇಕು. ಆ ರಾಗವನ್ನು ನಿಮಗೆ ಇವತ್ತು ನುಡಿಸಿ ಕೇಳಿಸಬೇಕೆಂದಿದ್ದೆ. ಆದರೆ ಮಳೆಗಾಲ ಬಂದಾಗಿನಿಂದ ಇದರ ಒಂದು ಮನೆ, ಅಂದರೆ ಬೆರಳಿನಿಂದ ಒತ್ತುವ ಪಟ್ಟಿ, ಇಲ್ಲಿಯವರು ಕಾಳಿ ದೋನ್ ಎನ್ನುವ ಕಪ್ಪು ಎರಡು, ಒತ್ತದಿದ್ದರೂ ಕೂಗುತ್ತದೆ. ಗಾಳಿ ತುಂಬುವ ತಿದಿ ಒತ್ತಿದ ಕೂಡಲೇ ಶುರು. ಪೇಟೆಯ ಒಂದು ಗಲ್ಲಿಯಲ್ಲಿ ರಿಪೇರಿಗೆ ಕೊಟ್ಟೆ. ಎರಡು ದಿನ ಎಂದವರು ಹನ್ನೊಂದು ದಿನ ಇಟ್ಟುಕೊಂಡರು. 1,800 ರೂಪಾಯಿ ತೆಗೆದುಕೊಂಡರು. ಮನೆಗೆ ತಂದು ತಿದಿ ಒತ್ತಿದರೆ ಅದೇ ಸ್ವರ, ಅದೇ ಕೂಗು! ವಾಪಸ್ ಒಯ್ದರೆ, ಹವೆಯಲ್ಲಿ ತೇವ ಇದೆ, ಮಳೆ ನಿಂತ ಮೇಲೆ ಸರಿಹೋಗುತ್ತದೆ ಎಂಬ ಉತ್ತರ. ತೇವಕ್ಕೆ ಮರ ಉಬ್ಬುತ್ತದೆ, ಅದು ನನಗೂ ಗೊತ್ತು. ಆದರೆ ಮನೆಯ ಕೆಳಗಿನ ಮುಚ್ಚಳದ ಚರ್ಮ ಸವೆದು ಗಾಳಿ ಸೋರುತ್ತಿರುವುದು ಕಣ್ಣಿಗೇ ಕಾಣುತ್ತದೆ. ಅದನ್ನು ಬದಲಿಸಲೆಂದೇ ಅಲ್ಲವೇ ನಾನು ಕೊಟ್ಟದ್ದು? ಹೊರಗೆ ಪಾಲಿಶ್ ಹಚ್ಚಿ ಫಳಫಳ ಮಾಡಿದ್ದಾರೆ, ನಾನು ಕೇಳಿರಲೇ ಇಲ್ಲ. ನನ್ನ ತಂದೆಯವರ ಬೆರಳಿನ ಗುರುತು ಇದ್ದ ಜಾಗವೂ ಪಾಲಿಶ್‌ನ ಕೆಳಗೆ ಹೋಯಿತು. ದುಡ್ಡಿಗಿಂತ ಅದಕ್ಕೇ ನನಗೆ ಹೆಚ್ಚು ಸಿಟ್ಟು.

ಪುಣೆಯ ಮಾತು ಬಂದಾಗ ಇನ್ನೊಂದು ನೆನಪಾಯಿತು. ಮಾಲ್ಗುಡಿಯ ಶೀರ್ಷಿಕೆಯಲ್ಲಿ ಬರುವ ರೇಖಾಚಿತ್ರಗಳು ಆರ್.ಕೆ. ಲಕ್ಷ್ಮಣ್ ಅವರವು. ಅಣ್ಣ ಆರ್.ಕೆ. ನಾರಾಯಣ್ ಬರೆದ ಊರಿಗೆ ಗೆರೆ ಕೊಟ್ಟವರು ಈ ತಮ್ಮ. ಮೈಸೂರಿನ ಆ ಲಕ್ಷ್ಮಣ್ ಕೊನೆಯ ವರ್ಷಗಳನ್ನು ಕಳೆದು 2015ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಆ ಗೆರೆಗಳನ್ನು ನೋಡುತ್ತ ಆ ರಾಗ ಕೇಳಬೇಕು. ಈಗ ಮೊಬೈಲಿನಲ್ಲಿ ಶೀರ್ಷಿಕೆ ಬಂದ ತಕ್ಷಣ ಹಾರಿಸುವ ಗುಂಡಿ ಬರುತ್ತದೆ. ದಯವಿಟ್ಟು ಅದನ್ನು ಒತ್ತಬೇಡಿ. ಹೊಸ್ತಿಲು ದಾಟದೆ ಮನೆಯೊಳಗೆ ಹೋಗುವುದು ಹೇಗೆ?

ಮನೆಗೆ ಬಂದೆವು. ಉಪ್ಪಿಟ್ಟು ಆರಿದೆ. ಮೇಲಿನ ಮನೆಯ ಕಾಕೂ, ನಮ್ಮ ಚಿಕ್ಕಮ್ಮ ಎಂಬಂತೆ ಇಲ್ಲಿ ಕರೆಯುವುದು, ಬಂದಿದ್ದಾರೆ. ಅವರಿಗೆ ಮರಾಠಿ ಧಾರಾವಾಹಿ 'ಆಭಾಳಮಾಯಾ'ದ ಅಶೋಕ್ ಪತ್ಕಿ ಸಂಗೀತದ ಶೀರ್ಷಿಕೆ ಗೀತೆ ಎಂದರೆ ಪ್ರಾಣ. ಅವರು ಹಾಡಿದರು, ಮರಾಠಿ ಸಾಲುಗಳ ಒಂದೊಂದು ಪದವನ್ನೂ ಬಿಡಿಸಿ ಹೇಳಿದರು. ನಾನು ಪ್ರತಿಯಾಗಿ ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ಧಾರಾವಾಹಿಯ ಹಾಡು ಹಾಡಿದೆ. ಎಚ್.ಎಸ್. ವೆಂಕಟೇಶಮೂರ್ತಿ ಅವರ ಸಾಹಿತ್ಯ, ಸಿ. ಅಶ್ವಥ್ ಅವರ ಸಂಗೀತ. ಎರಡನೆಯ ಸಾಲಿಗೇ ಗಂಟಲು ಕಟ್ಟಿತು. 1998ರಲ್ಲಿ ನಮ್ಮ ಇಡೀ ಬೀದಿ ಆ ಹಾಡಿಗೆ ಬಾಗಿಲೊಳಗೆ ಸೇರುತ್ತಿತ್ತು. ಆ ಪದಗಳನ್ನು ತೆಗೆದುಬಿಟ್ಟರೆ ಉಳಿಯುವುದೇನು? ಸಾಹಿತ್ಯ ಬೇಡವೆಂದು ಅರ್ಧ ಗಂಟೆಯ ಹಿಂದೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕವಿ ಬರೆದ ಸಾಹಿತ್ಯವಾದರೆ ಬೇಕು. ನಾಯಕಿಯ ಹೆಸರನ್ನೇ ಹತ್ತು ಸಲ ಕೂಗುವ ಹಾಡಾದರೆ ಬೇಡ.

ಬ್ಯಾಟರಿ ಕೆಂಪು ತೋರಿಸುತ್ತಿದೆ. ಕಾಕೂ ಒಂದು ಉಪಾಯ ಹೇಳಿದರು, ಕೂಗುವ ಸ್ವರವನ್ನೇ ಷಡ್ಜ, ಅಂದರೆ ಆಧಾರದ 'ಸ', ಮಾಡಿಕೊಂಡು ನುಡಿಸು, ತಂಬೂರಿಯ ಹಾಗೆ ಹಿಂದೆ ನಿಲ್ಲುತ್ತದೆ ಎಂದು. ಈ ಶ್ರುತಿಯಲ್ಲಿ ನಾನು ಎಂದೂ ನುಡಿಸಿಲ್ಲ, ಬೆರಳು ಹುಡುಕಬೇಕು. ಕ್ಯಾಮೆರಾ ಸ್ವಲ್ಪ ಕೆಳಗೆ ಇಳಿಸುತ್ತೇನೆ. ಕಾಕೂ ತಿದಿ ಒತ್ತುತ್ತಾರೆ. ಕೇಳಿ.