ಹಾಲು ಸಾಲ್ತಿಲ್ಲ ಅನ್ನುವ ಮೊದಲು

ಕೇಳುಗರಿಗೆಲ್ಲ ನಮಸ್ಕಾರ.

ಬೆಂಗಳೂರಿನ ಯಾವ ಹೆರಿಗೆ ವಾರ್ಡಿಗೆ ಬೇಕಾದರೂ ಹೋಗಿ, ನರ್ಸ್‌ಗಳ ಕಿವಿಗೆ ದಿನಾ ಬೀಳುವ ಮಾತು ಒಂದೇ. "ಸಿಸ್ಟರ್, ಹಾಲೇ ಬರ್ತಿಲ್ಲ." ಇದು ಹೆರಿಗೆಯಾದ ಮಾರನೆಯ ದಿನ. ವಾರ ಕಳೆದ ಮೇಲೆ ಮಾತು ಸ್ವಲ್ಪ ಬದಲಾಗುತ್ತದೆ. "ಹಾಲೇನೋ ಬರ್ತಿದೆ, ಮಗೂಗೆ ಸಾಲ್ತಿಲ್ಲ." ಇದನ್ನು ಹೇಳುವವಳು ಬಹಳ ಸಲ ಬಾಣಂತಿ ಅಲ್ಲ. ಪಕ್ಕದಲ್ಲಿ ಫ್ಲಾಸ್ಕ್ ಹಿಡಿದು ನಿಂತಿರುವ ಅಮ್ಮನೋ ಅತ್ತೆಯೋ. ಬಾಣಂತಿ ತಲೆ ತಗ್ಗಿಸಿ ಕೂತಿರುತ್ತಾಳೆ.

ನಾನು ಇಂಥ ವಾರ್ಡಿನಲ್ಲೇ ಕೆಲಸ ಮಾಡುವ ನರ್ಸ್. ಹಾಲು ನಿಜವಾಗಿಯೂ ಕಡಿಮೆ ಇರುವ ತಾಯಂದಿರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಅಂಥವರು ಕಡಿಮೆ. ಹೆಚ್ಚಿನವರಲ್ಲಿ ಹಾಲು ಇರುತ್ತದೆ, ಮಗು ಬಾಯಿಗೆ ಹಿಡಿದಿರುವ ರೀತಿ ಸರಿ ಇರುವುದಿಲ್ಲ. ಇವತ್ತು ಹೆಚ್ಚು ಹೊತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ಆ ಎರಡು ಮೂರು ದಿನಗಳ ವಿಷಯ. ಹುಟ್ಟಿದ ದಿನ ಮಗು ಒಂದು ಸಲಕ್ಕೆ ಕುಡಿಯುವುದು ಹೆಚ್ಚೆಂದರೆ ಒಂದು ಟೀ ಚಮಚದಷ್ಟು. ಅದರ ಹೊಟ್ಟೆಗೆ ಅಷ್ಟು ಸಾಕು. ಎದೆಯಲ್ಲಿ ಆಗ ಬರುವುದೂ ಅಷ್ಟೇ, ಹನಿ ಹನಿಯಾಗಿ, ಗಟ್ಟಿಯಾಗಿ, ಹಳದಿಯಾಗಿ. ಮಗುವಿಗೆ ರೋಗ ತಡೆಯುವ ಶಕ್ತಿ ಕೊಡುವ ಅಂಶಗಳು ಅದರಲ್ಲಿ ತುಂಬಿರುತ್ತವೆ. ನೋಡಿ, ಹಸು ಕರು ಹಾಕಿದರೆ ಗಿಣ್ಣು ಹಾಲಿಗೆ ನಾವೇ ಮುಗಿಬೀಳುತ್ತೇವೆ. ಹೆತ್ತ ತಾಯಿಯ ಮೊದಲ ಹಾಲನ್ನು ಮಾತ್ರ ಕೆಟ್ಟದ್ದು ಅಂತ ಹಿಂಡಿ ಚೆಲ್ಲುವವರು ಈಗಲೂ ಇದ್ದಾರೆ! ಚೆಲ್ಲಬೇಡಿ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಿ. ಬಟ್ಟೆ ಸುತ್ತದೆ, ತಾಯಿಯ ಎದೆಯ ಮೇಲೆ ಬರೀ ಮೈಯಲ್ಲಿ ಮಲಗಿಸಿ, ಮೇಲೆ ಒಂದು ಹೊದಿಕೆ ಹೊದಿಸಿದರೆ ಮಗು ತಾನೇ ಹುಡುಕಿಕೊಂಡು ಬರುತ್ತದೆ. ಸಿಸೇರಿಯನ್ ಆದವರೂ ಹೀಗೆ ಮಾಡಬಹುದು, ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡಿರಬೇಕು ಅಷ್ಟೇ. ಹಾಲು ತುಂಬಿಕೊಂಡು ಎದೆ ಭಾರ ಅನ್ನಿಸುವುದು ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ. ಸಿಸೇರಿಯನ್ ಆದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೂ ಸ್ವಲ್ಪ ತಡವಾಗಬಹುದು.

ಈಗ ಹಿಡಿಯುವ ರೀತಿಗೆ ಬರೋಣ. ಮೊನ್ನೆ ಒಬ್ಬ ಹುಡುಗಿ, ಚೊಚ್ಚಲ ಹೆರಿಗೆ, ಮಂಚದ ಅಂಚಿನಲ್ಲಿ ಬೆನ್ನು ಬಗ್ಗಿಸಿ ಕೂತಿದ್ದಳು. ಮಗು ಅಂಗಾತ ಮಲಗಿದೆ, ಕುತ್ತಿಗೆ ಮಾತ್ರ ಎದೆಯ ಕಡೆ ತಿರುಗಿದೆ. ಎರಡು ಬೆರಳಲ್ಲಿ ತೊಟ್ಟನ್ನು ಕತ್ತರಿ ಹಿಡಿದ ಹಾಗೆ ಹಿಡಿದು ಮಗುವಿನ ಬಾಯಿಗೆ ತುರುಕುತ್ತಿದ್ದಾಳೆ. ಮಗು ತುದಿಯನ್ನಷ್ಟೇ ಚೀಪುತ್ತಿದೆ. ಅವಳ ಕಣ್ಣಲ್ಲಿ ನೀರು. ನೀವೇ ಒಂದು ಸಲ ಭುಜದ ಕಡೆ ತಲೆ ತಿರುಗಿಸಿಕೊಂಡು ಒಂದು ಲೋಟ ನೀರು ಕುಡಿದು ನೋಡಿ. ಕಷ್ಟ ಅಲ್ವಾ?

ಮೊದಲು ಅವಳ ಬೆನ್ನಿಗೆ ದಿಂಬು ಕೊಟ್ಟು ಒರಗಿಸಿದೆವು. ತೊಡೆಯ ಮೇಲೆ ಇನ್ನೊಂದು ದಿಂಬು. ಮಗುವನ್ನು ಪೂರ್ತಿ ಅವಳ ಕಡೆ ಹೊರಳಿಸಿದೆವು, ಮಗುವಿನ ಹೊಟ್ಟೆ ಅವಳ ಹೊಟ್ಟೆಗೆ ತಾಗುವ ಹಾಗೆ. ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿ. ಕೈ ಮಗುವಿನ ಕುತ್ತಿಗೆಯ ಬುಡದಲ್ಲಿ, ತಲೆಯ ಹಿಂದೆ ಅಲ್ಲ. ತಲೆ ಹಿಡಿದು ಒತ್ತಿದರೆ ಮಗು ಹಿಂದಕ್ಕೆ ಸೆಟೆದುಕೊಳ್ಳುತ್ತದೆ, "ಎದೆ ಬೇಡ ಅಂತಿದೆ" ಅಂತ ನಾವು ತಪ್ಪು ತಿಳಿಯುತ್ತೇವೆ. ತೊಟ್ಟು ಮಗುವಿನ ಬಾಯಿಗಲ್ಲ, ಮೂಗಿಗೆ ನೇರವಾಗಿ ಇರಬೇಕು. ಆಮೇಲೆ ಮೇಲಿನ ತುಟಿಗೆ ಮೆಲ್ಲಗೆ ತಾಗಿಸಿ ಕಾಯಬೇಕು. ಈ ಕಾಯುವುದೇ ಕಷ್ಟ. ಮಗು ಸ್ವಲ್ಪ ಬಾಯಿ ತೆರೆದ ತಕ್ಷಣ ಎಲ್ಲರಿಗೂ ಅವಸರ. ಬೇಡ. ಆಕಳಿಸುವಾಗ ತೆರೆಯುವಷ್ಟು ಅಗಲಕ್ಕೆ ತೆರೆಯಲಿ. ಆಗ ಒಂದೇ ಸಲಕ್ಕೆ ಮಗುವನ್ನು ಎದೆಗೆ ತನ್ನಿ. ಎದೆಯನ್ನು ಮಗುವಿನ ಹತ್ತಿರ ಒಯ್ಯಬೇಡಿ.

ವಿ.ವಿ. ಪುರದ ಬೇಕರಿಯಲ್ಲಿ ಕಾಂಗ್ರೆಸ್ ಕಡ್ಲೆಬೀಜ ತುಂಬಿದ ದಪ್ಪ ಬನ್ ತಿಂದಿದ್ದೀರಾ? ಮೊದಲು ಸ್ವಲ್ಪ ಅದುಮುತ್ತೇವೆ, ಕೆಳಗಿನ ದವಡೆ ಮೊದಲು ಊರಿ, ಆಮೇಲೆ ದೊಡ್ಡದಾಗಿ ಕಚ್ಚುತ್ತೇವೆ. ಮಗು ಎದೆ ಹಿಡಿಯಬೇಕಾದದ್ದೂ ಹಾಗೆಯೇ. ಗದ್ದ ಮೊದಲು ಎದೆಗೆ ಊರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗ, ಅದರಲ್ಲೂ ಕೆಳಗಿನ ಕಡೆಯದು, ಹೆಚ್ಚು ಬಾಯೊಳಗೆ ಹೋಗಬೇಕು. ಹೊರಗೆ ಏನಾದರೂ ಕಂಡರೆ ಅದು ಮೇಲಿನ ತುಟಿಯ ಕಡೆ ಕಾಣಬೇಕು. ಕೆಳತುಟಿ ಹೊರಕ್ಕೆ ಮಡಚಿಕೊಂಡಿರಬೇಕು.

ಸರಿಯಾಗಿ ಹಿಡಿದಿದೆ ಅಂತ ಗೊತ್ತಾಗುವುದು ಹೇಗೆ? ಮೊದಮೊದಲು ಬೇಗ ಬೇಗ ಚೀಪುತ್ತದೆ. ಒಂದು ನಿಮಿಷದ ಹೊತ್ತಿಗೆ ಲಯ ಬದಲಾಗುತ್ತದೆ, ನಿಧಾನವಾಗಿ, ಆಳವಾಗಿ ಎಳೆಯುತ್ತದೆ. ಕಿವಿಯ ಹತ್ತಿರ ದವಡೆ ಆಡುವುದು ಕಾಣುತ್ತದೆ. ಫ್ಯಾನ್ ಆರಿಸಿ, ಟಿವಿ ಬಂದ್ ಮಾಡಿ ಕೇಳಿದರೆ ಗುಟುಕರಿಸುವ ಸಣ್ಣ ಸದ್ದು ಕೇಳುತ್ತದೆ. ಮೊದಲ ಕೆಲವು ಕ್ಷಣ ಸ್ವಲ್ಪ ನೋವಿರಬಹುದು. ಕುಡಿದು ಮುಗಿಸುವವರೆಗೂ ಹಲ್ಲು ಕಚ್ಚಿಕೊಂಡು ತಡೆಯುವ ನೋವಿದ್ದರೆ, ಅಥವಾ ಬಾಯಿಂದ ಬಿಟ್ಟಾಗ ತೊಟ್ಟು ಒಂದು ಕಡೆ ಚಪ್ಪಟೆಯಾಗಿದ್ದರೆ, ಹಿಡಿತ ತಪ್ಪಿದೆ ಅಂತ ಅರ್ಥ. ಕಿತ್ತು ಎಳೆಯಬೇಡಿ. ಬಾಯಿಯ ಮೂಲೆಯಲ್ಲಿ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ. ಸರಿಹೋಗುವವರೆಗೂ ಹೀಗೇ ಮಾಡಿ. ಆ ಹುಡುಗಿಯ ಮಗು ಮೂರನೆಯ ಸಲಕ್ಕೆ ಹಿಡಿಯಿತು. ಅವಳ ಅತ್ತೆ ಫ್ಲಾಸ್ಕ್ ಕೆಳಗಿಟ್ಟು ಬಗ್ಗಿ ನೋಡಿ, "ಅಯ್ಯೋ, ಗುಟುಕ್ ಅಂತಿದೆ ಕಣೇ" ಅಂದರು.

ಹಾಲು ತಯಾರಾಗುವ ಲೆಕ್ಕ ಸರಳ. ಎಷ್ಟು ಖಾಲಿ ಆಗುತ್ತದೋ ಅಷ್ಟು ತುಂಬುತ್ತದೆ. ಮಗು ಚೀಪಿದಾಗ ತಾಯಿಯ ಮೈಯಲ್ಲಿ ಎರಡು ಹಾರ್ಮೋನು ಏಳುತ್ತವೆ. ಪ್ರೊಲ್ಯಾಕ್ಟಿನ್ ಹಾಲು ತಯಾರು ಮಾಡುತ್ತದೆ, ಆಕ್ಸಿಟೋಸಿನ್ ಅದನ್ನು ಹೊರಗೆ ಹರಿಸುತ್ತದೆ. ಪ್ರೊಲ್ಯಾಕ್ಟಿನ್ ಹೆಚ್ಚು ಇರುವುದು ರಾತ್ರಿ. ಹಾಗಾಗಿ, "ರಾತ್ರಿ ತಾಯಿ ಮಲಗಲಿ, ಒಂದು ಬಾಟ್ಲಿ ಕೊಟ್ಟುಬಿಡೋಣ" ಅನ್ನುವುದು ಒಳ್ಳೆಯ ಮನಸ್ಸಿನಿಂದ ಬಂದ ಮಾತೇ ಆದರೂ ಹಾಲು ಇಳಿಮುಖವಾಗುವುದು ಅಲ್ಲಿಂದಲೇ. ಆಕ್ಸಿಟೋಸಿನ್‌ಗೆ ಗಾಬರಿ, ನೋವು, ಮುಜುಗರ ಆಗಿಬರುವುದಿಲ್ಲ. ಹಾಲು ಇದ್ದರೂ ಆ ಹೊತ್ತಿಗೆ ಇಳಿಯುವುದಿಲ್ಲ. ಮಗು ನೋಡಲು ಹತ್ತು ಜನ ಬಂದು ಕೂತು, "ಹಾಲಿದೆಯೇನಮ್ಮ?" ಅಂತ ಒಬ್ಬೊಬ್ಬರಾಗಿ ಕೇಳಿದರೆ ಇನ್ನೇನಾಗುತ್ತದೆ ಹೇಳಿ. ನನ್ನ ಕೈಲಾದರೆ ಆ ಪ್ರಶ್ನೆಯನ್ನೇ ವಾರ್ಡಿನಲ್ಲಿ ನಿಷೇಧಿಸುತ್ತೇನೆ.

ದಿನಕ್ಕೆ, ಅಂದರೆ 24 ಗಂಟೆಯಲ್ಲಿ, 8ರಿಂದ 12 ಸಲ ಕುಡಿಸಬೇಕು. ಗಡಿಯಾರ ನೋಡಬೇಡಿ, ಮಗುವನ್ನು ನೋಡಿ. ಬಾಯಿ ಚಪ್ಪರಿಸುವುದು, ಕೈ ಬಾಯಿಗೆ ತರುವುದು, ತಲೆ ಆಚೀಚೆ ತಿರುಗಿಸಿ ಹುಡುಕುವುದು, ಇವು ಹಸಿವಿನ ಗುರುತು. ಅಳು ಬರುವುದು ಕೊನೆಗೆ. ಅತ್ತು ಕೆಂಪಾದ ಮಗು ಸರಿಯಾಗಿ ಹಿಡಿಯುವುದಿಲ್ಲ, ಮೊದಲು ಸಮಾಧಾನ ಮಾಡಿ. ಕೆಲವು ಕೂಸುಗಳು ನಿದ್ದೆಬುರುಕ, ಅದರಲ್ಲೂ ಸ್ವಲ್ಪ ಕಾಮಾಲೆ ಇರುವವು, ದಿನ ತುಂಬದೆ ಹುಟ್ಟಿದವು. ಅಂಥವನ್ನು ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಲೇಬೇಕು. ಸುತ್ತಿದ ಬಟ್ಟೆ ಬಿಚ್ಚಿ, ಅಂಗಾಲು ಉಜ್ಜಿ, ಒದ್ದೆ ಬಟ್ಟೆ ಬದಲಾಯಿಸಿ.

ಸರಿ, ಸಾಲುತ್ತಿದೆಯೋ ಇಲ್ಲವೋ? ಎದೆ ಮುಟ್ಟಿ ನೋಡಬೇಡಿ, ಹಿಂಡಿಯೂ ನೋಡಬೇಡಿ. ಮಗುವಿನ ಲಂಗೋಟಿ ನೋಡಿ. ಒಳಗೆ ಹೋದದ್ದು ಹೊರಗೆ ಬರಲೇಬೇಕಲ್ವಾ. ಮೊದಲ ದಿನ ಒಂದು ಸಲ ಉಚ್ಚೆ ಹೊಯ್ದರೂ ಸಾಕು, ಎರಡನೆಯ ದಿನ ಎರಡು, ಹೀಗೆ ಏರುತ್ತಾ ಐದನೆಯ ದಿನದಿಂದ ದಿನಕ್ಕೆ 6 ಅಥವಾ ಜಾಸ್ತಿ ಒದ್ದೆ ಬಟ್ಟೆ ಇರಬೇಕು. ಬಣ್ಣ ತೆಳುವಾಗಿರಬೇಕು. ಕಕ್ಕ ಮೊದಲ ಎರಡು ದಿನ ಕಪ್ಪಗೆ, ಅಂಟಂಟಾಗಿ ಇರುತ್ತದೆ. ಆಮೇಲೆ ಹಸಿರು. ಐದನೆಯ ದಿನದ ಹೊತ್ತಿಗೆ ಅರಿಶಿನದ ಹಳದಿಗೆ ತಿರುಗಬೇಕು, ದಿನಕ್ಕೆ ಮೂರು ನಾಲ್ಕು ಸಲ ತೆಳ್ಳಗೆ ಆಗುತ್ತದೆ. ಅದು ಭೇದಿ ಅಲ್ಲ. ಡೈಪರ್ ಹಾಕಿದರೆ ಒದ್ದೆ ಎಷ್ಟಾಯಿತು ಅನ್ನುವುದು ಸುಲಭಕ್ಕೆ ಗೊತ್ತಾಗುವುದಿಲ್ಲ. ಮೊದಲ ವಾರ ಹಳೆ ಪಂಚೆಯ ತುಂಡೋ, ಹತ್ತಿಯ ಲಂಗೋಟಿಯೋ ಮೇಲು. ಅಜ್ಜಿಯರ ಈ ಪದ್ಧತಿಗೆ ನನ್ನ ಪೂರ್ತಿ ಓಟು.

ಆಮೇಲೆ ತೂಕ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ನೂರಕ್ಕೆ ಹತ್ತು ಭಾಗಕ್ಕಿಂತ ಹೆಚ್ಚು ಇಳಿದರೆ ಡಾಕ್ಟರಿಗೆ ತೋರಿಸಬೇಕು. ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ಮರಳಬೇಕು. ಅಲ್ಲಿಂದ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ನಿಶ್ಚಿಂತೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಮಗುವನ್ನು ನೋಡುವ ವ್ಯವಸ್ಥೆಯೂ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರಿಗೆ 3, 7, 14, 21, 28 ಮತ್ತು 42ನೆಯ ದಿನ. ಅವರ ಕೈಲಿ ತೂಕ ಮಾಡಿಸಿ, ತಾಯಿ ಕಾರ್ಡನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಒಂದು ವಿಷಯ ಬಹಳ ಜನರನ್ನು ಹೆದರಿಸುತ್ತದೆ. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮಗು ಎದೆ ಬಿಡುವುದೇ ಇಲ್ಲ. ಐದು ನಿಮಿಷ ಕುಡಿಯುತ್ತದೆ, ಬಿಡುತ್ತದೆ, ಅಳುತ್ತದೆ, ಮತ್ತೆ ಬೇಕು ಅನ್ನುತ್ತದೆ. ಮನೆಯವರೆಲ್ಲ ಸೇರಿ "ಹಾಲು ಆರಿಹೋಗಿದೆ" ಅಂತ ತೀರ್ಮಾನ ಮಾಡಿ ಅಪ್ಪನನ್ನು ಮೆಡಿಕಲ್ ಶಾಪಿಗೆ ಓಡಿಸುತ್ತಾರೆ. ಹಗಲಲ್ಲಿ ಒದ್ದೆ ಬಟ್ಟೆಯ ಲೆಕ್ಕ ಸರಿಯಿದ್ದರೆ ಇದು ಸಹಜ. ಬೆಳೆಯುವ ಮಗು ತನ್ನ ನಾಳೆಯ ಹಾಲಿಗೆ ಇವತ್ತೇ ಬೇಡಿಕೆ ಇಡುತ್ತಿದೆ. ಡಬ್ಬಿ ಹಾಲಿನಿಂದ ಹೊಟ್ಟೆ ತುಂಬಿದರೆ ಎದೆ ಖಾಲಿಯಾಗುವುದಿಲ್ಲ, ನಾಳೆ ಅಷ್ಟು ಕಡಿಮೆ ತಯಾರಾಗುತ್ತದೆ. ಇನ್ನೊಂದು ಮಾತು. ನಮ್ಮ ದೇಶದಲ್ಲಿ 1992ರಿಂದ ಕಾನೂನು ಇದೆ, ಡಬ್ಬಿ ಹಾಲಿನ ಜಾಹೀರಾತು ಮಾಡುವಂತಿಲ್ಲ, ತಾಯಂದಿರಿಗೆ ಸ್ಯಾಂಪಲ್ ಹಂಚುವಂತಿಲ್ಲ. ಯಾರಾದರೂ ಪುಕ್ಕಟೆ ಡಬ್ಬಿ ಕೊಡಲು ಬಂದರೆ ಬೇಡ ಅನ್ನಿ. ಡಾಕ್ಟರು ಕಾರಣ ಹೇಳಿ ಬರೆದುಕೊಟ್ಟರೆ ಅದು ಬೇರೆ. ಆಗ ಕೊಡಿ, ಅದರಲ್ಲಿ ನಾಚಿಕೆ ಪಡುವುದು ಏನೂ ಇಲ್ಲ.

ಅಜ್ಜಿಯಂದಿರೇ, ನಿಮ್ಮ ಹತ್ತಿರ ಸ್ವಲ್ಪ ಜಗಳ ಇದೆ. ಜೇನುತುಪ್ಪ ನೆಕ್ಕಿಸಬೇಡಿ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಒಂದು ವರ್ಷದೊಳಗಿನ ಮಗುವಿನ ನರಗಳಿಗೇ ಕುತ್ತು ತರಬಲ್ಲದು. ಸಕ್ಕರೆ ನೀರು, ಗ್ರೈಪ್ ವಾಟರ್, ತೇಯ್ದ ಬಜೆ ಯಾವುದೂ ಬೇಡ. ನಮ್ಮ ಬೀದಿಗಳಲ್ಲಿ ಕತ್ತೆ ಹೊಡೆದುಕೊಂಡು "ಕತ್ತೆ ಹಾಲು" ಅಂತ ಕೂಗುತ್ತಾ ಬರುತ್ತಾರಲ್ಲ, ಕಣ್ಣೆದುರೇ ಕರೆದು ಕೊಟ್ಟರೂ ಅದು ಹಸಿ ಹಾಲು, ಹಸುಗೂಸಿಗೆ ಅಪಾಯ. ಆರು ತಿಂಗಳು ಎದೆಹಾಲು ಮಾತ್ರ. ಡಾಕ್ಟರು ಬರೆದ ವಿಟಮಿನ್ ಹನಿ, ಔಷಧಿ ಕೊಡಬಹುದು. ಏಪ್ರಿಲ್ ಬಿಸಿಲಿನಲ್ಲೂ ನೀರು ಬೇಡ, ಎದೆಹಾಲಿನಲ್ಲಿ ಹೆಚ್ಚು ಪಾಲು ನೀರೇ ಇದೆ.

ಬಾಣಂತಿಗೆ ನೀರು ಕೊಡದೆ ಒಣಗಿಸುವುದನ್ನೂ ಬಿಡಿ. ಬಾಯಾರಿದಷ್ಟು ಕುಡಿಯಲಿ. ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ, ಅಂಟಿನುಂಡೆ ಕೊಡಿ, ಧಾರಾಳವಾಗಿ ಕೊಡಿ, ಅವಳ ಮೈಗೆ ಒಳ್ಳೆಯದು. ಆದರೆ ಬರೀ ತಿನ್ನಿಸಿದರೆ ಹಾಲು ಹೆಚ್ಚಾಗುವುದಿಲ್ಲ, ಮಗು ಚೀಪಿದರೆ ಹೆಚ್ಚಾಗುತ್ತದೆ. ಬೇಳೆ, ಕಾಳು, ಹಣ್ಣು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಎಲ್ಲವೂ ತಟ್ಟೆಯಲ್ಲಿರಲಿ. ಬರೀ ಅನ್ನ, ಮೆಣಸಿನ ಸಾರಿನ ಪಥ್ಯದಿಂದ ಅವಳು ಸೊರಗುತ್ತಾಳೆ.

ಎದೆ ಕಲ್ಲಿನಷ್ಟು ಗಟ್ಟಿಯಾಗಿ ಮಗುವಿಗೆ ಹಿಡಿಯಲು ಆಗದಿದ್ದರೆ ಕುಡಿಸುವ ಮೊದಲು ಬೆಚ್ಚಗಿನ ಬಟ್ಟೆ ಇಟ್ಟು ಸ್ವಲ್ಪ ಹಾಲು ಕೈಯಿಂದ ಹಿಂಡಿ. ಕಪ್ಪು ಭಾಗದ ಅಂಚಿನಲ್ಲಿ ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಇಟ್ಟು, ಮೊದಲು ಪಕ್ಕೆಲುಬಿನ ಕಡೆ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಿ. ಚರ್ಮ ಉಜ್ಜಬೇಡಿ. ಒಳಲೆಯನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿ, ಹಿಂಡಿದ ಹಾಲನ್ನು ಅದರಲ್ಲಿ ಕುಡಿಸಿ. ಬಾಟ್ಲಿಗಿಂತ ತೊಳೆಯುವುದು ಸುಲಭ, ಮಗು ಎದೆ ಮರೆಯುವುದೂ ಇಲ್ಲ. ಎದೆಯ ಒಂದು ಭಾಗ ಕೆಂಪಾಗಿ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ, ಕುಡಿಸುವುದನ್ನು ಮಾತ್ರ ನಿಲ್ಲಿಸಬೇಡಿ. ದಿನ ತುಂಬದೆ ಹುಟ್ಟಿ ಐಸಿಯುನಲ್ಲಿರುವ ಕೂಸುಗಳಿಗಾಗಿ ನಮ್ಮ ವಾಣಿ ವಿಲಾಸ ಆಸ್ಪತ್ರೆಯಲ್ಲಿ 2022ರಿಂದ ಎದೆಹಾಲಿನ ಬ್ಯಾಂಕ್ ಇದೆ. ಹಾಲು ಹೆಚ್ಚಿರುವವರು ಅಲ್ಲಿ ಕೇಳಿ ನೋಡಬಹುದು.

ಪೀಣ್ಯದ ಗಾರ್ಮೆಂಟ್ಸ್‌ಗೋ ವೈಟ್‌ಫೀಲ್ಡಿನ ಆಫೀಸಿಗೋ ಮರಳಿ ಹೋಗಬೇಕಾದವರಿಗೆ ಎರಡು ಮಾತು. ಮೊದಲ ಎರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ ಕಾನೂನಿನಲ್ಲಿದೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವೂ ಇದೆ, ಕೇಳಿ ಪಡೆಯಿರಿ. ಹಿಂಡಿಟ್ಟ ಹಾಲು ಹೊರಗೆ ತಂಪಾದ ಜಾಗದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ ಇರುತ್ತದೆ. ಫ್ರಿಜ್ಜಿನ ಬಾಗಿಲಲ್ಲಿ ಇಡಬೇಡಿ.

ಕೊನೆಗೆ, ತಡ ಮಾಡಬಾರದ ವಿಷಯ. ಮಗು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಎದೆ ಚೀಪುವುದನ್ನೇ ಬಿಟ್ಟರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಉಸಿರು ಜೋರಾದರೆ, ಅಂಗೈ ಅಂಗಾಲು ಹಳದಿಯಾದರೆ, ನೆತ್ತಿ ಗುಳಿ ಬಿದ್ದರೆ, ಉಚ್ಚೆ ನಿಂತರೆ ಅಥವಾ ನಾಲ್ಕು ದಿನ ಕಳೆದ ಮೇಲೂ ಲಂಗೋಟಿಯಲ್ಲಿ ಇಟ್ಟಿಗೆ ಬಣ್ಣದ ಕಲೆ ಕಂಡರೆ, ಮನೆಮದ್ದು ಮಾಡುತ್ತಾ ಕೂರಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ರಾತ್ರಿ ಎರಡು ಗಂಟೆಯಾದರೂ ಸರಿ, ಬೆಳಗಾಗಲಿ ಅಂತ ಕಾಯಬೇಡಿ.

ನಮಸ್ಕಾರ.